ಕರಾವಳಿಯ ಹಳೆಯ ರೈಲು ದಾರಿಗಳನ್ನು ದಾಖಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ, ಪುತ್ತೂರು, ಕುಂದಾಪುರ ಕಡೆಯವರು ಮಾತಿನ ನಡುವೆಯೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತಲ್ಲೇ ಬಿಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆಡಿಸುವಂಥದ್ದು ಆಮೇಲೆ.

## ಈಗಷ್ಟೇ ಶುರು ಮಾಡುವವರಿಗೆ

ದಾರಿ ದಾಖಲಿಸುವುದು ಅಂದ್ರೆ ಏನು? ಹಳೇ ಮ್ಯಾಪ್ ಒಂದು ಇಟ್ಟುಕೊಂಡ್ರೆ ಸಾಕಲ್ವಾ?

ಸಾಲದು. ಮ್ಯಾಪ್ ತೋರಿಸುವುದು ಒಂದು ಕಾಲದ ಸ್ಥಿತಿಯನ್ನು ಮಾತ್ರ. ರೈಲು ದಾರಿ ಒಂದೇ ಸಲ ಹುಟ್ಟುವುದಿಲ್ಲ, ತುಂಡು ತುಂಡಾಗಿ ಬರುತ್ತದೆ. ಮದ್ರಾಸಿನಿಂದ ಮಂಗಳೂರಿಗೆ ಬರುವ ದಾರಿಯನ್ನೇ ನೋಡಿ. ಪಶ್ಚಿಮ ಕರಾವಳಿಯ ಮೊದಲ ತುಂಡು ಈಗಿನ ಕೇರಳದ ತಿರೂರಿನಿಂದ ಕಲ್ಲಿಕೋಟೆ ಪಕ್ಕದ ಬೇಪೂರಿಗೆ, 1861ರಲ್ಲಿ. ಮರುವರ್ಷ ಅದು ಮದ್ರಾಸಿನಿಂದ ಬಂದ ಹಳಿಗೆ ಕೂಡಿಕೊಂಡಿತು. ಕಲ್ಲಿಕೋಟೆಗೆ ಬಂದದ್ದು 1888ರಲ್ಲಿ, ತಲಚೇರಿಗೆ 1902ರಲ್ಲಿ, ಕಣ್ಣೂರಿಗೆ 1903ರಲ್ಲಿ, ಮಂಗಳೂರು ಮುಟ್ಟಿದ್ದು 1907ರಲ್ಲಿ. ಬೇಪೂರಿನಿಂದ ನಮ್ಮೂರಿಗೆ ಬರಲು 45 ವರ್ಷಕ್ಕೂ ಜಾಸ್ತಿ ಹಿಡಿಯಿತು.

ಹಾಗಾಗಿ ಪ್ರತಿ ತುಂಡಿಗೂ ಎಲ್ಲಿಂದ ಎಲ್ಲಿಗೆ, ಯಾವಾಗ ಶುರುವಾಯಿತು, ಆಮೇಲೆ ಏನು ಬದಲಾಯಿತು, ಇದನ್ನು ನೀವು ಯಾವ ಕಾಗದ ನೋಡಿ ಬರೆದಿರಿ, ಇಷ್ಟನ್ನು ಬರೆದಿಡಬೇಕು. ಕೊನೆಯದನ್ನು ಬಿಟ್ಟರೆ ಉಳಿದದ್ದಕ್ಕೆ ಬೆಲೆಯಿಲ್ಲ. ಯಾರೂ ಪರೀಕ್ಷಿಸಿ ನೋಡಲಾಗದ ತಾರೀಕು ಎಷ್ಟು ಚೆನ್ನಾಗಿ ಬರೆದರೂ ಅದು ಬರೀ ಮಾತು. ಈ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳುವುದು ಇದೊಂದನ್ನೇ.

ನಮ್ಮ ಜಿಲ್ಲೆಗೆ ರೈಲು ಬಂದದ್ದು ಯಾವಾಗ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ

ಒಬ್ಬೊಬ್ಬರು ಒಂದೊಂದು ದಾರಿಯ ಬಗ್ಗೆ ಮಾತಾಡುತ್ತಿರುತ್ತಾರೆ, ಅಷ್ಟೇ. ನಮಗೆ ಮೂರು ದಿಕ್ಕಿನಿಂದ ರೈಲು ಬಂದಿದೆ. ದಕ್ಷಿಣದಿಂದ, ಕಾಸರಗೋಡು, ಮಂಜೇಶ್ವರ, ಉಳ್ಳಾಲ ದಾಟಿ ನೇತ್ರಾವತಿ ಸೇತುವೆ ಮೇಲೆ ಬಂದದ್ದು 1907ರಲ್ಲಿ. ಅದು ಬ್ರಾಡ್ ಗೇಜ್, ಅಂದರೆ ಎರಡು ಹಳಿಗಳ ನಡುವೆ ಜಾಸ್ತಿ ಅಗಲ ಇರುವ ದಾರಿ. ಪೂರ್ವದಿಂದ, ಹಾಸನ, ಸಕಲೇಶಪುರ, ಘಾಟಿ, ಪುತ್ತೂರು ದಾರಿಯಾಗಿ ಮೀಟರ್ ಗೇಜ್ (ಹಳಿಗಳ ನಡುವೆ ಒಂದೇ ಮೀಟರ್ ಅಗಲ) ಪೂರ್ತಿಯಾದದ್ದು 1979ರಲ್ಲಿ. ಉತ್ತರದ ಕೊಂಕಣ ರೈಲ್ವೆಯಲ್ಲಿ ಮಂಗಳೂರು ಮತ್ತು ಉಡುಪಿ ನಡುವೆ ಮೊದಲ ಪ್ಯಾಸೆಂಜರ್ ರೈಲು ಓಡಿದ್ದು 1993ರ ಮಾರ್ಚ್ 20ರಂದು. ಅದೇ ದಾರಿ ಮಹಾರಾಷ್ಟ್ರದ ರೋಹಾದವರೆಗೆ ಪೂರ್ತಿಯಾಗಿ ಉದ್ಘಾಟನೆಯಾದದ್ದು 1998ರ ಜನವರಿ 26ರಂದು.

ಅಲ್ಲ ಮಾರಾಯ್ರೆ, ಮಂಗಳೂರಿಗೆ 1907ರಲ್ಲೇ ಬಂದ ರೈಲು ಉಡುಪಿಗೆ ಬರಲು ಇಷ್ಟು ವರ್ಷ ಯಾಕೆ ಬೇಕಾಯ್ತು?

ಈ ಪ್ರಶ್ನೆ ಕೇಳುವವರಲ್ಲಿ ಉಡುಪಿಯವರೇ ಜಾಸ್ತಿ, ಮತ್ತು ಆ ಬೇಸರ ನ್ಯಾಯವಾದದ್ದು. ಮೊದಲ ಕಾರಣ ಹೊಳೆಗಳು. ಮಂಗಳೂರಿನಿಂದ ಉತ್ತರಕ್ಕೆ ಹೊರಟರೆ ಫಲ್ಗುಣಿ, ಶಾಂಭವಿ, ಉದ್ಯಾವರ ಹೊಳೆ, ಸ್ವರ್ಣಾ, ಸೀತಾ, ಗಂಗೊಳ್ಳಿಯಲ್ಲಿ ಐದು ಹೊಳೆ ಒಟ್ಟಿಗೆ, ಆಮೇಲೆ ಹೊನ್ನಾವರದಲ್ಲಿ ಶರಾವತಿ. ಎಲ್ಲವೂ ಸಮುದ್ರ ಸೇರುವ ಜಾಗದಲ್ಲಿ ಅಗಲವಾಗಿಯೇ ಇವೆ. ಶರಾವತಿಯ ರೈಲು ಸೇತುವೆಯೊಂದೇ 2 ಕಿ.ಮೀ.ಗಿಂತ ಉದ್ದ.

ಎರಡನೆಯದು, ಕಂಪನಿ ಕಾಲದ ರೈಲು ಹೋಗುತ್ತಿದ್ದದ್ದು ಬಂದರಿಗೆ. ಮಂಗಳೂರು ಬಂದರು ಸಿಕ್ಕಿತು, ಹಂಚು, ಕಾಫಿ ಎಲ್ಲ ಅಲ್ಲಿಗೇ ಬರುತ್ತಿತ್ತು. ಅಲ್ಲಿಂದ ಮುಂದೆ ಮಂಚಿ, ಹಡಗುಗಳಿದ್ದವು. ಕರಾವಳಿ ಉದ್ದಕ್ಕೂ ಮುಂಬೈಗೆ ಹೋಗಬೇಕೆಂದರೆ ನಡುವೆ ಗೋವಾ ಬೇರೆ, ಅದು 1961ರವರೆಗೆ ಪೋರ್ಚುಗೀಸರದ್ದು. ಸ್ವಾತಂತ್ರ್ಯ ಬಂದ ಮೇಲೂ ದುಡ್ಡು ಹೊಂದಿಸುವವರಿರಲಿಲ್ಲ. ಮಂಗಳೂರಿನಲ್ಲೇ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ, 1990ರಲ್ಲಿ, ಕೊಂಕಣ ರೈಲ್ವೆಗಾಗಿ ಬೇರೆ ನಿಗಮವನ್ನೇ ಮಾಡಿ ಇ. ಶ್ರೀಧರನ್ ಅವರ ಕೈಗೆ ಕೊಟ್ಟರು. ಆಮೇಲೆ ಮೂರೇ ವರ್ಷದಲ್ಲಿ ಉಡುಪಿ ಸ್ಟೇಷನ್ ಇರುವ ಇಂದ್ರಾಳಿಗೆ ರೈಲು ಬಂತು.

ಸೆಂಟ್ರಲ್, ಜಂಕ್ಷನ್, ಕಂಕನಾಡಿ... ಇವೆಲ್ಲ ಬೇರೆ ಬೇರೆಯಾ?

ಎರಡೇ ಸ್ಟೇಷನ್. 1907ರದ್ದು ಮಂಗಳೂರು ಸೆಂಟ್ರಲ್. ಈಗ ಮಂಗಳೂರು ಜಂಕ್ಷನ್ ಅನ್ನುವುದನ್ನೇ ಹಿಂದೆ ಕಂಕನಾಡಿ ಅನ್ನುತ್ತಿದ್ದರು, ಹಳಬರು ಈಗಲೂ ಅನ್ನುತ್ತಾರೆ. ಹಳೇ ಕಾಗದದಲ್ಲಿ ಹೆಸರು ಹೇಗಿದೆಯೋ ಹಾಗೇ ಬರೆದುಕೊಳ್ಳಿ, ಪಕ್ಕದಲ್ಲಿ ಈಗಿನ ಹೆಸರು ಹಾಕಿ. ಇಲ್ಲದಿದ್ದರೆ ಒಂದೇ ಸ್ಟೇಷನ್ ಎರಡಾಗುತ್ತದೆ. ಈಗಿನ ಪಾಲಕ್ಕಾಡ್ ಜಂಕ್ಷನ್‌ಗೆ ಹಿಂದೆ ಒಲವಕ್ಕೋಡ್ ಅಂತ ಹೆಸರಿತ್ತು. ಮಂಗಳೂರಿನ ಹಳೇ ಟೈಮ್‌ಟೇಬಲ್ ಓದುವಾಗ ಇದು ಗೊತ್ತಿರದಿದ್ದರೆ ದಾರಿ ತಪ್ಪುತ್ತದೆ. ಹಾಗೆಯೇ ಸುಬ್ರಹ್ಮಣ್ಯ ರೋಡ್ ಇರುವುದು ನೆಟ್ಟಣದಲ್ಲಿ, ಕುಕ್ಕೆಯಲ್ಲಲ್ಲ. ಹೆಸರಿನಲ್ಲಿ ರೋಡ್ ಅಂತ ಇದ್ದರೆ ಊರು ಸ್ಟೇಷನ್ನಿಂದ ದೂರ ಅಂತಲೇ ಲೆಕ್ಕ.

ಈ ದಾರಿಗಳೆಲ್ಲ ಯಾರ ಕೈಯಲ್ಲಿದ್ದವು?

ಕಾಲಕ್ಕೆ ತಕ್ಕಂತೆ ಬದಲಾಗಿದೆ. 1907ರಲ್ಲಿ ಬಂದದ್ದು ಮದ್ರಾಸ್ ರೈಲ್ವೆ ಕಂಪನಿಯ ದಾರಿ. ಮರುವರ್ಷವೇ ಆ ಕಂಪನಿ ಸದರ್ನ್ ಮರಾಠಾ ರೈಲ್ವೆ ಜೊತೆ ಸೇರಿತು, ಮಂಗಳೂರಿನ ದಾರಿ ಮಾತ್ರ ಸೌತ್ ಇಂಡಿಯನ್ ರೈಲ್ವೆಯ ಪಾಲಿಗೆ ಹೋಯಿತು. 1951ರ ಏಪ್ರಿಲ್ 14ರಂದು ಈ ಕಂಪನಿಗಳೂ ಮೈಸೂರು ಸಂಸ್ಥಾನದ ರೈಲ್ವೆಯೂ ಸೇರಿ ದಕ್ಷಿಣ ರೈಲ್ವೆ ಆಯಿತು. 2003ರಲ್ಲಿ ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆ ಬಂತು.

ಇವತ್ತು ಸೆಂಟ್ರಲ್, ಜಂಕ್ಷನ್ ಎರಡೂ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದಲ್ಲಿವೆ. ಪಡೀಲು ದಾಟಿ ಪುತ್ತೂರು ಕಡೆ ಹೋದರೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗ, ತೋಕೂರಿನಿಂದ ಉತ್ತರಕ್ಕೆ ಕೊಂಕಣ ರೈಲ್ವೆ. ಒಂದೇ ಊರಿನ ಸುತ್ತ ಮೂರು ಆಡಳಿತ. ದಾಖಲೆ ಹುಡುಕುವವರಿಗೆ ಇದರಿಂದ ಆಗುವ ಕಷ್ಟ ಸಣ್ಣದಲ್ಲ.

## ಕಾಗದ ಹುಡುಕುವುದು

ಹಳೇ ದಾಖಲೆ ಬೆಂಗಳೂರಿನಲ್ಲಿ ಸಿಗುತ್ತಾ?

ಅರ್ಧ ಸಿಗುತ್ತದೆ. ನಮ್ಮದು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. ಭೂಸ್ವಾಧೀನ, ಸೇತುವೆ, ಸ್ಟೇಷನ್ ಜಾಗ, ಇದರ ಬಗ್ಗೆ ಸರ್ಕಾರದ ಪತ್ರ ವ್ಯವಹಾರ ಹೋಗಿದ್ದು ಮದ್ರಾಸಿಗೆ. ಹಾಗಾಗಿ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರಕ್ಕೆ ಹೋಗಲೇಬೇಕು. ಹಾಸನ, ಅರಸೀಕೆರೆ ಕಡೆಯದ್ದು ಮೈಸೂರು ಸಂಸ್ಥಾನದ್ದು, ಅದಕ್ಕೆ ಬೆಂಗಳೂರಿನ ರಾಜ್ಯ ಪತ್ರಾಗಾರ. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ರೈಲ್ವೆ ಬೋರ್ಡಿನ ಕಡತಗಳಿವೆ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಕಂಪನಿಗಳ ಕಾಲದ್ದು.

ಹೋಗುವ ಮುಂಚೆ ಪ್ರಶ್ನೆ ಸಣ್ಣದು ಮಾಡಿಕೊಳ್ಳಿ. ‘ಮಂಗಳೂರು ರೈಲ್ವೆ’ ಅಂತ ಕೇಳಿದರೆ ಸಿಬ್ಬಂದಿ ಏನೂ ಕೊಡಲಾರರು. ‘1900ರಿಂದ 1907ರವರೆಗೆ ಸಾರ್ವಜನಿಕ ಕಾಮಗಾರಿ ಇಲಾಖೆಯ ರೈಲ್ವೆ ಶಾಖೆಯ ಆದೇಶಗಳ ಸೂಚಿ’ ಅಂತ ಕೇಳಿದರೆ ಸೂಚಿ ಕೈಗೆ ಬರುತ್ತದೆ, ಅದರಿಂದ ಕಡತದ ನಂಬರ್ ಸಿಗುತ್ತದೆ.

ಅಜ್ಜನ ಕಪಾಟಿನಲ್ಲಿ ಹಳೇ ರೈಲ್ವೆ ಟೈಮ್‌ಟೇಬಲ್ ಸಿಕ್ಕಿದೆ. ಗುಜರಿಗೆ ಹಾಕುವುದಾ?

ದಯವಿಟ್ಟು ಹಾಕಬೇಡಿ! ಟೈಮ್‌ಟೇಬಲ್ ನಮ್ಮ ಕೆಲಸದ ಬೆನ್ನೆಲುಬು. ಒಂದು ಪುಟದಲ್ಲಿ ಸ್ಟೇಷನ್‌ಗಳ ಸಾಲು, ನಡುವಿನ ದೂರ, ಯಾವ ರೈಲು ಎಲ್ಲಿ ನಿಲ್ಲುತ್ತಿತ್ತು ಎಲ್ಲ ಇರುತ್ತದೆ. ಎರಡು ವರ್ಷದ ಎರಡು ಟೈಮ್‌ಟೇಬಲ್ ಪಕ್ಕಪಕ್ಕ ಇಟ್ಟರೆ ನಡುವೆ ಯಾವ ಹಾಲ್ಟ್ ಹೊಸದಾಗಿ ಬಂತು, ಯಾವುದು ಹೋಯಿತು ಅಂತ ಕಣ್ಣಿಗೆ ಕಾಣುತ್ತದೆ. ರಕ್ಷಾಪುಟ, ಒಳಪುಟದ ತಿಂಗಳು-ವರ್ಷ, ನಮ್ಮ ದಾರಿಯ ಪುಟಗಳು, ಇಷ್ಟನ್ನು ಬೆಳಕಿನಲ್ಲಿ ನೇರವಾಗಿ ಫೋಟೋ ತೆಗೆದಿಡಿ. ಸಿಬ್ಬಂದಿಗೆ ಕೊಡುತ್ತಿದ್ದ ವರ್ಕಿಂಗ್ ಟೈಮ್‌ಟೇಬಲ್ ಸಿಕ್ಕರಂತೂ ಭಾಗ್ಯ, ಅದರಲ್ಲಿ ಇಳಿಜಾರು, ವೇಗದ ಮಿತಿ, ಸೈಡಿಂಗ್ (ಮುಖ್ಯ ದಾರಿಯ ಪಕ್ಕದ ಹಳಿ) ವಿವರವೂ ಇರುತ್ತದೆ.

1905ಕ್ಕಿಂತ ಹಿಂದಿನದ್ದಾದರೆ ಗಡಿಯಾರದ ಬಗ್ಗೆ ಎಚ್ಚರ. ಆಗ ರೈಲುಗಳು ಓಡುತ್ತಿದ್ದದ್ದು ಮದ್ರಾಸ್ ಸಮಯದಲ್ಲಿ, ಈಗಿನ ಭಾರತೀಯ ಸಮಯ ಆಮೇಲಿನದ್ದು. ಕಲ್ಲಿಕೋಟೆ, ಕಣ್ಣೂರು ದಾರಿಯ ಮೊದಲ ಟೈಮ್‌ಟೇಬಲ್‌ಗಳಿಗೆ ಇದು ಅನ್ವಯ. ಮಂಗಳೂರಿಗೆ ರೈಲು ಬರುವಾಗ ಹೊಸ ಸಮಯ ಬಂದಾಗಿತ್ತು.

ಸರ್ವೆ ಆಫ್ ಇಂಡಿಯಾದ ಯಾವ ಹಾಳೆ ನೋಡಬೇಕು?

ಮಂಗಳೂರಿಗೆ 48 ಎಲ್, ಉಡುಪಿ-ಕುಂದಾಪುರಕ್ಕೆ 48 ಕೆ, ಪುತ್ತೂರು, ಸುಬ್ರಹ್ಮಣ್ಯ, ಸಕಲೇಶಪುರಕ್ಕೆ 48 ಪಿ. ಒಂದು ಇಂಚಿಗೆ ಒಂದು ಮೈಲಿಯ ಹಳೇ ಹಾಳೆಗಳಲ್ಲಿ ಮಂಗಳೂರು ಊರು ಬರುವುದು 48 ಎಲ್/13ರಲ್ಲಿ. ಅವುಗಳಲ್ಲಿ ಬ್ರಾಡ್ ಗೇಜ್, ಮೀಟರ್ ಗೇಜ್‌ಗೆ ಬೇರೆ ಬೇರೆ ಗುರುತು ಇರುತ್ತದೆ, ಹಳಿಗಾಗಿ ಎತ್ತರಿಸಿದ ಏರಿ, ಗುಡ್ಡ ಕಡಿದ ಕೊರಕಲು ಕೂಡ ಹಾಕಿರುತ್ತಾರೆ. ಹಾಳೆಯ ಅಂಚಿನಲ್ಲಿ ಅಳತೆ ಮಾಡಿದ ವರ್ಷ ಒಂದು, ಮುದ್ರಿಸಿದ ವರ್ಷ ಇನ್ನೊಂದು ಇರುತ್ತದೆ. ನಿಮಗೆ ಬೇಕಾದದ್ದು ಮೊದಲನೆಯದು.

ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಕೊಡ್ತಾರಾ?

ಸರಿಯಾದ ಕಡೆ ಕೇಳಿದರೆ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಸೆಂಟ್ರಲ್ ಬಗ್ಗೆಯಾದರೆ ಪಾಲಕ್ಕಾಡ್‌ಗೆ, ಘಾಟಿ ಬಗ್ಗೆ ಮೈಸೂರಿಗೆ, ಉಡುಪಿ ಬಗ್ಗೆ ಕೊಂಕಣ ರೈಲ್ವೆಯ ಕಚೇರಿ ಇರುವ ನವಿ ಮುಂಬೈಯ ಬೇಲಾಪುರಕ್ಕೆ. ಬೇರೆ ಆಡಳಿತಕ್ಕೆ ಸೇರಿದ್ದನ್ನು ಕೇಳಿದರೆ ಅರ್ಜಿ ಸುಮ್ನೆ ಅಲೆಯುತ್ತದೆ. ‘ಇತಿಹಾಸ ಕೊಡಿ’ ಅನ್ನಬೇಡಿ. ‘ಇಂಥ ಸ್ಟೇಷನ್ನಿನ ಯಾರ್ಡ್ ನಕ್ಷೆಯ ಪ್ರತಿ, ಇಂಥ ಸೇತುವೆಯ ರಿಜಿಸ್ಟರಿನ ಪುಟ’ ಅಂತ ಕೇಳಿ. ಕಾನೂನಿನ 8(3)ನೇ ಕಲಮಿನ ಪ್ರಕಾರ 20 ವರ್ಷಕ್ಕಿಂತ ಹಳೆಯ ವಿಷಯಕ್ಕೆ ನಿರಾಕರಿಸುವ ಕಾರಣಗಳು ತೀರಾ ಕಡಿಮೆಯಾಗುತ್ತವೆ, ಇದನ್ನು ಅರ್ಜಿಯಲ್ಲೇ ನೆನಪಿಸಿ.

ನಮ್ಮ ಮಾವ ಗ್ಯಾಂಗ್‌ಮನ್ ಆಗಿದ್ದರು. ಅವರು ಹೇಳುವುದು ದಾಖಲೆ ಅಂತ ಆಗುತ್ತಾ?

ಖಂಡಿತ ಆಗುತ್ತದೆ, ಮತ್ತು ಇದಕ್ಕೇ ಎಲ್ಲಕ್ಕಿಂತ ಅವಸರ. ಕಡತ ಇನ್ನೂ ನೂರು ವರ್ಷ ಇರಬಹುದು, ಘಾಟಿಯಲ್ಲಿ ಮೀಟರ್ ಗೇಜ್ ಹಳಿ ಹಾಕಿದವರು ಈಗಲೇ ಮುದುಕರು. ಯಾವ ಮೋರಿ ಮಳೆಗೆ ಕೊಚ್ಚಿಹೋಗಿತ್ತು, ಘಾಟಿ ನಡುವಿನ ಎಡಕುಮೇರಿ ಸ್ಟೇಷನ್ನಿಗೆ ರಾತ್ರಿ ನೀರು, ದಿನಸಿ ಹೇಗೆ ಬರುತ್ತಿತ್ತು, ಟೋಕನ್ (ಮುಂದಿನ ಸ್ಟೇಷನ್‌ವರೆಗೆ ಹೋಗಲು ಡ್ರೈವರಿಗೆ ಸಿಗುವ ಅನುಮತಿ) ಕೊಡುವಾಗ ಎಲ್ಲಿ ನಿಲ್ಲುತ್ತಿದ್ದರು, ಇದು ಯಾವ ವರದಿಯಲ್ಲೂ ಇಲ್ಲ.

ಕೇಳುವ ಕ್ರಮ ಮಾತ್ರ ಬೇರೆ. ‘ಯಾವ ವರ್ಷ?’ ಅಂದರೆ ಯಾರಿಗೂ ನೆನಪಿರುವುದಿಲ್ಲ. ‘ಮಗಳ ಮದುವೆಗೆ ಮುಂಚೆಯಾ, ಆಮೇಲೆಯಾ?’ ಅಂತ ಕೇಳಿದರೆ ಥಟ್ಟನೆ ಹೇಳುತ್ತಾರೆ. ತುಳುವಿನಲ್ಲಿ, ಮಲಯಾಳದಲ್ಲಿ, ಅವರಿಗೆ ಯಾವ ಭಾಷೆ ಸಲೀಸೋ ಅದರಲ್ಲೇ ಮಾತಾಡಲಿ, ಅವರ ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿ. ಜಾಗ, ಕೆಲಸದ ಕ್ರಮದ ಬಗ್ಗೆ ಅವರ ಮಾತು ಗಟ್ಟಿ. ತಾರೀಕಿಗೆ ಮಾತ್ರ ಇನ್ನೊಂದು ಕಾಗದದ ಬೆಂಬಲ ಬೇಕು.

## ಜಾಗಕ್ಕೆ ಹೋದಾಗ

ಹಳಿ ಕಿತ್ತು ಹೋದ ಮೇಲೆ ದಾರಿ ಎಲ್ಲಿತ್ತು ಅಂತ ಗೊತ್ತಾಗುವುದು ಹೇಗೆ?

ನೆಲ ಸುಲಭದಲ್ಲಿ ಮರೆಯುವುದಿಲ್ಲ. ಗದ್ದೆ, ತೋಟದ ನಡುವೆ ಒಂದೇ ಎತ್ತರದಲ್ಲಿ ಹೋಗುವ ಮಣ್ಣಿನ ಏರಿ, ನಿಧಾನಕ್ಕೆ ತಿರುಗುವ ಉದ್ದ ತಿರುವು, ತೋಡಿಗೆ ಅಡ್ಡ ನಿಂತ ಕಲ್ಲಿನ ಮೋರಿ, ಇವನ್ನು ನೋಡಿ. ಎತ್ತಿನ ಗಾಡಿಯ ರಸ್ತೆ ಥಟ್ಟನೆ ತಿರುಗಬಹುದು, ಏರಬಹುದು. ರೈಲಿಗೆ ಅದು ಆಗುವುದಿಲ್ಲ. ಜಾಗದ ಗಡಿಗಳನ್ನೂ ನೋಡಬೇಕು. ಹಿತ್ತಲುಗಳ ಮಧ್ಯೆ ಪಟ್ಟಿಯಂತೆ ಉದ್ದಕ್ಕೆ ಸರ್ವೆ ನಂಬರ್ ಹೋಗಿದ್ದರೆ ಗ್ರಾಮ ನಕ್ಷೆ ತೆಗೆಸಿ.

ಒಳ್ಳೆಯ ಉದಾಹರಣೆ ಚಾಲಿಯಂ. ಬೇಪೂರು ಅಂತ ಕಾಗದದಲ್ಲಿರುವ ಮೊದಲ ಕೊನೆ ಸ್ಟೇಷನ್ ನಿಜವಾಗಿ ಇದ್ದದ್ದು ಹೊಳೆಯ ದಕ್ಷಿಣ ದಂಡೆಯ ಚಾಲಿಯಂನಲ್ಲಿ. 1888ರಲ್ಲಿ ದಾರಿ ಕಲ್ಲಿಕೋಟೆಗೆ ತಿರುಗಿದ ಮೇಲೆ ಆ ತುದಿ ಬೇಡವಾಯಿತು, ಹಳಿಯೂ ಹೋಯಿತು.

ನಮ್ಮೂರಿನಲ್ಲಿ ಈಗಲೇ ದಾಖಲಿಸಬೇಕಾದದ್ದು ಸೆಂಟ್ರಲ್‌ನಿಂದ ಪಾಂಡೇಶ್ವರ ಗೇಟ್ ದಾಟಿ ಬಂದರಿನ ಗೂಡ್ಸ್‌ಶೆಡ್‌ಗೆ ಹೋಗುವ ಹಳಿ. ಅದನ್ನು ಬರೀ ಟ್ರಾಫಿಕ್ ತೊಂದರೆ ಅಂತ ಎಲ್ಲರೂ ನೋಡುತ್ತಾರೆ. ಆದರೆ ಹಳೇ ಬಂದರಿಗೂ ರೈಲಿಗೂ ಇದ್ದ ನಂಟು ಕಣ್ಣಿಗೆ ಕಾಣುವ ಜಾಗ ಅದೊಂದೇ. ಗೇಟಿನ ನಂಬರ್, ತಿರುವು, ಹಳಿ ಪಕ್ಕದ ಗೋದಾಮುಗಳ ಬಾಗಿಲು ಯಾವ ಕಡೆಗಿವೆ, ಎಲ್ಲ ರಸ್ತೆಯಲ್ಲೇ ನಿಂತು ಬರೆದುಕೊಳ್ಳಬಹುದು.

ಹಳಿಯ ಮೇಲೆ ವರ್ಷ ಬರೆದಿರುತ್ತದಂತೆ, ಹೌದಾ?

ಹೌದು. ಹಳಿಯ ಪಕ್ಕದಲ್ಲಿ, ತಲೆಗೂ ಬುಡಕ್ಕೂ ನಡುವಿನ ತೆಳು ಭಾಗದಲ್ಲಿ, ಉಬ್ಬಿದ ಅಕ್ಷರಗಳಿರುತ್ತವೆ. ಮಾಡಿದ ಕಾರ್ಖಾನೆ, ತೂಕ, ವರ್ಷ. ತುಕ್ಕು ಹಿಡಿದಿದ್ದರೆ ಸಂಜೆಯ ಓರೆ ಬಿಸಿಲಲ್ಲಿ ನೋಡಿ, ಇಲ್ಲವೇ ಪಕ್ಕದಿಂದ ಟಾರ್ಚ್ ಹಿಡಿಯಿರಿ, ನೆರಳಿಗೆ ಅಕ್ಷರ ಎದ್ದು ಕಾಣುತ್ತದೆ. ಓಡುವ ಹಳಿಗೆ ಇಳಿಯಬೇಕಿಲ್ಲ. ಸ್ಟೇಷನ್ ಹೊರಗಿನ ಬೇಲಿ ಕಂಬಗಳಲ್ಲಿ ಎಷ್ಟೋ ಹಳೇ ಹಳಿಯ ತುಂಡುಗಳೇ ನಿಂತಿವೆ.

ಆದರೆ ಅದು ಹಳಿ ತಯಾರಾದ ವರ್ಷ, ದಾರಿ ತೆರೆದ ವರ್ಷ ಅಲ್ಲ. ಮುಖ್ಯ ದಾರಿಯಲ್ಲಿ ಸವೆದ ಹಳಿಯನ್ನು ಸೈಡಿಂಗ್‌ಗೆ ಹಾಕುತ್ತಾರೆ, ಅಲ್ಲಿಂದ ಬೇಲಿಗೆ.

ಸೇತುವೆಯ ಫಲಕದ ಅಳತೆಗೂ ಇದೇ ಮಾತು. 3.05 ಮೀ., 6.1 ಮೀ., 12.2 ಮೀ. ಅಂತ ವಿಚಿತ್ರ ಅಂಕಿ ಕಾಣುತ್ತದೆ ಅಲ್ವಾ, ಅವು 10, 20, 40 ಅಡಿ. ಅಡಿಯ ಲೆಕ್ಕ ಇದೆ ಅಂತ ಬ್ರಿಟಿಷರ ಸೇತುವೆ ಅನ್ನಬೇಡಿ, ಹೊಸ ಸೇತುವೆಗಳಿಗೂ ಆ ಅಳತೆಗಳೇ ಮುಂದುವರಿದಿವೆ.

ಸಕಲೇಶಪುರದಿಂದ ಹಳಿ ಮೇಲೆ ನಡೆದು ಬಂದು ಎಲ್ಲ ಫೋಟೋ ತೆಗೆಯುವ ಆಸೆ ಇದೆ. ಹೋಗಬಹುದಾ?

ಬೇಡ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವೆ ಸುಮಾರು 55 ಕಿ.ಮೀ., 57 ಸುರಂಗ, 50ಕ್ಕೆ 1ರ ಇಳಿಜಾರು. ಸುರಂಗದೊಳಗೆ ತಿರುವಿದೆ, ರೈಲು ಬಂದರೆ ಸರಿಯಲು ಜಾಗ ಇಲ್ಲ. ಅನುಮತಿಯಿಲ್ಲದೆ ಹಳಿ ಮೇಲೆ ನಡೆಯುವುದು ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅಪರಾಧ, 6 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಕೆಲವೊಮ್ಮೆ ಎರಡೂ. ಹಗಲು ರೈಲಿನ ಕಿಟಕಿ ಪಕ್ಕ ಕೂತು, ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ಅಂತ ಒಂದೊಂದು ಸ್ಟೇಷನ್ನಿಗೂ ಸಮಯ ಬರೆದುಕೊಂಡು, ಪಕ್ಕದ ಕಿಲೋಮೀಟರ್ ಕಲ್ಲು ಓದುತ್ತಾ ಬಂದರೆ ಬೇಕಾದಷ್ಟು ಸಿಗುತ್ತದೆ.

## ಆಳಕ್ಕೆ ಇಳಿದವರಿಗೆ

ಮೀಟರ್ ಗೇಜ್ ತೆಗೆದು ಬ್ರಾಡ್ ಗೇಜ್ ಹಾಕಿದರೆ ಅದನ್ನು ಹೊಸ ದಾರಿ ಅಂತ ಬರೆಯುವುದಾ?

ದಾರಿ ಒಂದೇ, ಅದರ ಕಾಲಘಟ್ಟ ಬೇರೆ. ಹಾಸನ-ಮಂಗಳೂರು ದಾರಿಯನ್ನು ನಾನು ಹೀಗೆ ಬರೆಯುತ್ತೇನೆ: 1979ರಿಂದ ಮೀಟರ್ ಗೇಜ್. ಘಾಟಿ ಭಾಗ 1996ರಲ್ಲಿ ಮುಚ್ಚಿತು. ಬ್ರಾಡ್ ಗೇಜಿನಲ್ಲಿ ಗೂಡ್ಸ್ ರೈಲು 2006ರ ಮೇಯಲ್ಲಿ, ಪ್ಯಾಸೆಂಜರ್ ರೈಲು 2007ರ ಡಿಸೆಂಬರಿನಲ್ಲಿ. ನಡುವಿನ ಹತ್ತು ಹನ್ನೊಂದು ವರ್ಷ ಖಾಲಿ, ಆ ಖಾಲಿಯನ್ನೂ ದಾಖಲಿಸಬೇಕು. ಘಟ್ಟದ ಮೇಲೆ ಓದಲು ಹೋದ ಒಂದು ತಲೆಮಾರಿನ ಹುಡುಗರು ಬಸ್ಸಲ್ಲೇ ಶಿರಾಡಿ ಹತ್ತಿದ್ದು ಇದೇ ಕಾರಣಕ್ಕೆ. ಇವತ್ತಿನ ಮ್ಯಾಪಿನಲ್ಲಿ ಆ ಕಾಲ ಕಾಣುವುದೇ ಇಲ್ಲ.

ಗೇಜ್ ಬದಲಿಸುವಾಗ ತಿರುವು ಸಡಿಲಿಸಿ ಹಳಿಯನ್ನು ಪಕ್ಕಕ್ಕೆ ಸರಿಸಿದ್ದರೆ ಅಷ್ಟು ತುಂಡನ್ನು ಮಾತ್ರ ಹೊಸ ಗೆರೆಯಾಗಿ ಎಳೆಯಿರಿ.

ಒಂದೇ ದಾರಿಗೆ ಎರಡು ಮೂರು ‘ತೆರೆದ ದಿನ’ ಸಿಗುತ್ತವೆ. ಯಾವುದು ಸರಿ?

ಎಲ್ಲವೂ ಸರಿಯಿರಬಹುದು. ಗೂಡ್ಸ್ ಓಡಿದ ದಿನ, ಪ್ಯಾಸೆಂಜರ್ ಓಡಿದ ದಿನ, ಮಂತ್ರಿಗಳು ಬಂದು ಬಾವುಟ ತೋರಿಸಿದ ದಿನ, ಇವು ಬೇರೆ ಬೇರೆ. ಒಂದನ್ನು ಆರಿಸಿ ಉಳಿದದ್ದನ್ನು ಅಳಿಸಬೇಡಿ, ಯಾವ ದಿನ ಯಾವುದರದ್ದು ಅಂತ ಬರೆದು ಎಲ್ಲವನ್ನೂ ಇಡಿ. ವರ್ಷ ಮಾತ್ರ ಗೊತ್ತಿದ್ದರೆ ವರ್ಷ ಮಾತ್ರ ಬರೆಯಿರಿ. ಕಂಪ್ಯೂಟರ್ ತಾರೀಕು ಕೇಳುತ್ತದೆ ಅಂತ 1907ಕ್ಕೆ ಜನವರಿ 1 ಸೇರಿಸಿದರೆ ಹತ್ತು ವರ್ಷ ಬಿಟ್ಟು ಅದನ್ನೇ ಯಾರೋ ಉದ್ಘಾಟನೆಯ ದಿನ ಅಂತ ಆಚರಿಸುತ್ತಾರೆ.

ಸರ್ವೆ ಆಗಿ ಕಟ್ಟದೇ ಹೋದ ದಾರಿಗಳನ್ನು ಸೇರಿಸಬೇಕಾ?

ಸೇರಿಸಿ, ಆದರೆ ಬೇರೆ ಕಡತದಲ್ಲಿ. ಅರಸೀಕೆರೆಯಿಂದ ಮಂಗಳೂರಿಗೆ ದಾರಿ ಮಾಡುವ ಮಾತು, ಸರ್ವೆ ಬ್ರಿಟಿಷರ ಕಾಲದಲ್ಲೇ ನಡೆದಿತ್ತು, ಹಳಿ ಬಿದ್ದದ್ದು ಮಾತ್ರ ಸ್ವಾತಂತ್ರ್ಯ ಬಂದ ಎಷ್ಟೋ ವರ್ಷದ ಮೇಲೆ, ಅದೂ ಹಾಸನದಿಂದ. ಪ್ರಸ್ತಾವದ ಗೆರೆಗಳನ್ನು ನಿಜವಾದ ದಾರಿಯ ಜೊತೆ ಒಂದೇ ಬಣ್ಣದಲ್ಲಿ ಹಾಕಿದರೆ ನೋಡಿದವರು ಇಲ್ಲಿ ರೈಲು ಓಡಿತ್ತು ಅಂದುಕೊಳ್ಳುತ್ತಾರೆ.

ಇದನ್ನೆಲ್ಲ ಡಿಜಿಟಲ್ ಮ್ಯಾಪಿಗೆ ಹಾಕುವುದು ಎಲ್ಲಿ?

ಈಗ ನೆಲದ ಮೇಲೆ ಕಾಣುವುದನ್ನು ಓಪನ್‌ಸ್ಟ್ರೀಟ್‌ಮ್ಯಾಪಿಗೆ ಹಾಕಿ. ಹಳಿ ಇದ್ದೂ ರೈಲು ಓಡದಿದ್ದರೆ ಅದಕ್ಕೊಂದು ಗುರುತು, ಹಳಿ ಹೋಗಿ ಏರಿ ಮಾತ್ರ ಉಳಿದಿದ್ದರೆ ಇನ್ನೊಂದು ಗುರುತು ಅಲ್ಲಿದೆ. ಕುರುಹೇ ಉಳಿಯದ್ದನ್ನು ಅಲ್ಲಿ ಹಾಕಿದರೆ ಬೇರೆಯವರು ಅಳಿಸುತ್ತಾರೆ, ಅವರ ನಿಯಮ ಹಾಗಿದೆ, ಜಗಳ ಬೇಡ. ಅಂಥದ್ದಕ್ಕೆ ಓಪನ್‌ಹಿಸ್ಟಾರಿಕಲ್‌ಮ್ಯಾಪ್ ಇದೆ. ಅಲ್ಲಿ ಪ್ರತಿ ಗೆರೆಗೂ ಶುರುವಾದ, ಮುಗಿದ ಕಾಲ ಕೊಡಬಹುದು, 1906ಕ್ಕೆ ಸರಿಸಿದರೆ ಮಂಗಳೂರಿನಲ್ಲಿ ಹಳಿ ಇರುವುದಿಲ್ಲ, 1907ಕ್ಕೆ ಬಂದರೆ ನೇತ್ರಾವತಿ ದಾಟಿ ಗೆರೆ ಬರುತ್ತದೆ. ಗೂಗಲ್ ಮ್ಯಾಪಿನ ಮೇಲೆ ಗೆರೆ ಎಳೆದು ತಂದು ಹಾಕುವಂತಿಲ್ಲ, ಅದಕ್ಕೆ ಪರವಾನಗಿ ಇಲ್ಲ.

ಹಾಕುವ ಮುಂಚೆ ನಿಮ್ಮ ಹತ್ತಿರ ಒಂದು ಸರಳ ಪಟ್ಟಿ ಇರಲಿ, ಎಕ್ಸೆಲ್ ಸಾಕು. ಹಳೇ ದೂರಗಳನ್ನು ಮೈಲಿಯಲ್ಲೇ ಬರೆದು, ಪಕ್ಕದ ಕಾಲಮಿನಲ್ಲಿ 1.609ರಿಂದ ಗುಣಿಸಿ ಕಿ.ಮೀ. ಹಾಕಿ. ಮೂಲ ಅಂಕಿಯನ್ನು ಯಾವತ್ತೂ ಅಳಿಸಬೇಡಿ.

ಮನೆಯಲ್ಲಿರುವ ಹಳೇ ಸ್ಟೇಷನ್ ಫೋಟೋ, ಸರ್ಕಾರಿ ನಕ್ಷೆ ಎಲ್ಲರಿಗೂ ಹಂಚಬಹುದಾ?

ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಸರ್ಕಾರದ ಪ್ರಕಟಣೆಗೆ ಪ್ರಕಟವಾದ ಮರುವರ್ಷದ ಶುರುವಿನಿಂದ ಲೆಕ್ಕ ಹಾಕಿ 60 ವರ್ಷ ಹಕ್ಕು ಇರುತ್ತದೆ; ಫೋಟೋಗೆ, 2012ರ ತಿದ್ದುಪಡಿಯ ಮೇಲೆ, ತೆಗೆದವರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಅದು ದಾಟಿದ್ದರೆ ಹಂಚಬಹುದು. ಎಂದೂ ಪ್ರಕಟವಾಗದ ಮನೆಯ ಫೋಟೋ ಆದರೆ ತೆಗೆದವರ ಅಥವಾ ಅವರ ಮಕ್ಕಳ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಫೋಟೋದ ಹಿಂಭಾಗವನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೋದ ಮುದ್ರೆ, ಪೆನ್ಸಿಲಿನಲ್ಲಿ ಬರೆದ ಹೆಸರು, ತಾರೀಕು ಇರುವುದು ಅಲ್ಲೇ. ಮೂಲ ಪ್ರತಿ ಆ ಮನೆಯಲ್ಲೇ ಇರಲಿ, ನೀವು ಸ್ಕ್ಯಾನ್ ಮಾತ್ರ ತನ್ನಿ, ಮತ್ತು ಅದರ ಒಂದು ಪ್ರತಿಯನ್ನು ಅವರಿಗೂ ಕೊಟ್ಟು ಬನ್ನಿ.